ಲಕ್ಷಣಗಳ ಪಟ್ಟಿಯೂ ಕಾಲಕ್ರಮವೂ: ಮಕ್ಕಳ ರಕ್ತನಾಳಗಳ ಉರಿಯೂತವನ್ನು ನಿರ್ಣಯಿಸುವ ವಿಧಾನದ ವಿಮರ್ಶೆ

ವೈದ್ಯಶಾಸ್ತ್ರಕ್ಕೆ ಸೇರಿದ ಸಮಸ್ಯೆಯೊಂದನ್ನು ಇತಿಹಾಸದ ಅಧ್ಯಾಪಕರು ಕೈಗೆತ್ತಿಕೊಳ್ಳುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಚಿಕಿತ್ಸೆಯ ವಿಷಯದಲ್ಲಿ ಮಾತನಾಡುವ ಅಧಿಕಾರ ನಮಗಿಲ್ಲ. ಅದನ್ನು ನಾವು ಬಯಸುವುದೂ ಇಲ್ಲ. ಆದರೆ ರೋಗನಿರ್ಣಯವು ಚಿಕಿತ್ಸೆಗೆ ಮೊದಲಿನ ಕಾರ್ಯ. ಕಂಡ ಕುರುಹುಗಳಿಂದ ಕಾಣದ ಸಂಗತಿಯನ್ನು ಊಹಿಸುವುದು, ಸಾಕ್ಷಿಗಳ ಮಾತನ್ನು ತೂಗಿ ನೋಡುವುದು, ಬಿಡಿಬಿಡಿಯಾಗಿ ದೊರೆತ ವಿವರಗಳನ್ನು ಕಾಲಕ್ರಮದಲ್ಲಿ ಜೋಡಿಸುವುದು, ಇವು ಶಾಸನಗಳನ್ನೂ ಕಡತಗಳನ್ನೂ ಓದುವವರಿಗೆ ನಿತ್ಯದ ಕೆಲಸ. ಅದೇ ಕೆಲಸವು ಎಳೆಯ ಮಗುವಿನ ಹಾಸಿಗೆಯ ಪಕ್ಕದಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ದಾರಿ ತಪ್ಪುತ್ತದೆ ಎಂಬುದನ್ನು ಪರಿಶೀಲಿಸುವುದಷ್ಟೇ ಈ ಲೇಖನದ ಉದ್ದೇಶ. ನಮ್ಮ ವಿಮರ್ಶೆಗೆ ವಸ್ತುವಾಗಿರುವುದು ವೈದ್ಯರಲ್ಲ. ವೈದ್ಯರ ಕೈಯಲ್ಲಿರುವ ಒಂದು ಬಗೆಯ ಬರೆಹ, ಅಂದರೆ ಲಕ್ಷಣಗಳ ಪಟ್ಟಿ.

ರಕ್ತನಾಳಗಳ ಉರಿಯೂತವೆಂಬುದು ಒಂದು ರೋಗದ ಹೆಸರಲ್ಲ, ಒಂದು ಕುಲದ ಹೆಸರು. ದೇಹದ ರಕ್ಷಣೆಗೆ ನಿಂತ ಶಕ್ತಿಯೇ ರಕ್ತನಾಳಗಳ ಗೋಡೆಯ ಮೇಲೆ ತಿರುಗಿಬಿದ್ದಾಗ ಆ ಗೋಡೆ ಬಾತು, ಕೆಲವೆಡೆ ದುರ್ಬಲವಾಗಿ ಉಬ್ಬುತ್ತದೆ, ಕೆಲವೆಡೆ ದಪ್ಪವಾಗಿ ದಾರಿಯನ್ನು ಕಿರಿದುಗೊಳಿಸುತ್ತದೆ. ಚರ್ಮದ ಸೂಕ್ಷ್ಮನಾಳಗಳಿಗೆ ತಗುಲಿದರೆ ಒಂದು ರೋಗ, ಹೃದಯಕ್ಕೆ ರಕ್ತವನ್ನೊದಗಿಸುವ ಕೊರೊನರಿ ಧಮನಿಗಳಿಗೆ ತಗುಲಿದರೆ ಮತ್ತೊಂದು, ಮಹಾಧಮನಿಗೇ ತಗುಲಿದರೆ ಇನ್ನೊಂದು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವವು ಹೆನೊಕ್ ಮತ್ತು ಷೋನ್‌ಲೈನ್ ಇವರ ಹೆಸರು ಹೊತ್ತ ಚರ್ಮರಕ್ತಸ್ರಾವದ ವ್ಯಾಧಿ ಹಾಗೂ ಕವಾಸಾಕಿ ವ್ಯಾಧಿ. ತಕಯಾಸು ವ್ಯಾಧಿ ವಿರಳ, ಆದರೆ ಘೋರ. ಇವೆಲ್ಲವೂ ಜ್ವರ, ದದ್ದು, ನೋವು ಎಂಬ ಸಾಮಾನ್ಯ ವೇಷದಲ್ಲಿಯೇ ಬರುತ್ತವೆ. ನೂರು ಸಾಧಾರಣ ಕಾಯಿಲೆಗಳು ತೊಡುವುದೂ ಇದೇ ವೇಷವನ್ನು. ತೊಡಕಿನ ಮೂಲವಿರುವುದು ಇಲ್ಲಿ.

ತೊಡಕು ಎಷ್ಟು ಆಳವಾದುದೆಂಬುದು ನಮ್ಮ ನಾಡಿನದೇ ಇನ್ನೊಂದು ರೋಗದ ಚರಿತ್ರೆಯೊಡನೆ ಹೋಲಿಸಿದರೆ ಸ್ಪಷ್ಟವಾಗುತ್ತದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತುಬಿದ್ದವು. ಸುತ್ತಲ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಅದೇ ವರ್ಷ ಆ ರೋಗದ ವೈರಸನ್ನು ಬೇರ್ಪಡಿಸಿದರು. ಜನರು ಮಂಗನ ಕಾಯಿಲೆಯೆಂದು ಕರೆದ ಆ ರೋಗಕ್ಕೆ ಹೆಸರೂ ಕಾರಣವೂ ಹೆಚ್ಚುಕಡಮೆ ಒಟ್ಟಿಗೇ ದೊರೆತವು. ಹಾಗೆಯೇ 2018ರ ಮೇ ತಿಂಗಳಲ್ಲಿ ಕೇರಳದ ಕೋಳಿಕ್ಕೋಡಿನಿಂದ ಬಂದ ಮಾದರಿಗಳಲ್ಲಿ ನಿಪಾ ವೈರಸ್ಸನ್ನು ಗುರುತಿಸಿದ್ದು ನಮ್ಮ ನೆರೆಯ ಮಣಿಪಾಲದ ವೈರಸ್ ಸಂಶೋಧನ ಕೇಂದ್ರ. ಇಂಥ ರೋಗಗಳಲ್ಲಿ ಪ್ರಯೋಗಶಾಲೆಯು ಹೌದು ಅಥವಾ ಅಲ್ಲ ಎಂದು ಹೇಳಬಲ್ಲುದು. ಕವಾಸಾಕಿ ವ್ಯಾಧಿಯ ಮೊದಲ ರೋಗಿ ವೈದ್ಯರ ಕಣ್ಣಿಗೆ ಬಿದ್ದದ್ದು ಕ್ಯಾಸನೂರಿನ ಪ್ರಕರಣದ ನಾಲ್ಕೇ ವರ್ಷಗಳ ಅನಂತರ, 1961ರಲ್ಲಿ. ಅದರ ಕಾರಣವಾದರೋ ಇಂದಿಗೂ ತಿಳಿದಿಲ್ಲ. ಅದನ್ನು ಖಚಿತಪಡಿಸುವ ಒಂದೇ ಒಂದು ರಕ್ತಪರೀಕ್ಷೆಯೂ ಇಲ್ಲ. ಕಾರಣವು ತಿಳಿಯದಿರುವಲ್ಲಿ ಲಕ್ಷಣಗಳ ಪಟ್ಟಿಯೇ ರೋಗದ ಸ್ಥಾನದಲ್ಲಿ ಕುಳಿತುಬಿಡುತ್ತದೆ. ಹಾಗೆ ಕುಳಿತದ್ದನ್ನು ಎಷ್ಟರಮಟ್ಟಿಗೆ ನಂಬಬಹುದೆಂಬುದೇ ಪ್ರಶ್ನೆ.

ಪಟ್ಟಿಯ ಹುಟ್ಟನ್ನು ಮೊದಲು ನೋಡೋಣ. ಟೋಕಿಯೋ ನಗರದ ರೆಡ್ ಕ್ರಾಸ್ ಆಸ್ಪತ್ರೆಯಲ್ಲಿ ಮಕ್ಕಳ ವೈದ್ಯರಾಗಿದ್ದ ತೊಮಿಸಾಕು ಕವಾಸಾಕಿ ಅವರು 1961ರ ಜನವರಿಯಲ್ಲಿ ನಾಲ್ಕು ವರ್ಷದ ಬಾಲಕನೊಬ್ಬನನ್ನು ಕಂಡರು. ಬಿಡದ ಜ್ವರ, ಕೆಂಪೇರಿದ ಕಣ್ಣು, ಒಡೆದ ತುಟಿ, ಮೈಮೇಲೆ ದದ್ದು. ಯಾವ ಪುಸ್ತಕದ ಯಾವ ರೋಗಕ್ಕೂ ಅವು ಸರಿಹೊಂದಲಿಲ್ಲ. ಬಾಲಕ ಗುಣಮುಖನಾಗಿ ಮನೆಗೆ ಹೋದನು. ವೈದ್ಯರು ರೋಗ ಯಾವುದೆಂದು ತಿಳಿಯದು ಎಂದೇ ದಾಖಲೆಯಲ್ಲಿ ಬರೆದರು. ನಮ್ಮ ದೃಷ್ಟಿಯಲ್ಲಿ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಗೌರವಾರ್ಹವಾದ ವಾಕ್ಯ ಅದು. ಹತ್ತಿರದ ಹೆಸರೊಂದನ್ನು ಅಂಟಿಸಿ ಕೈತೊಳೆದುಕೊಂಡಿದ್ದರೆ ಆ ಕಡತ ಮತ್ತೆಂದೂ ತೆರೆಯುತ್ತಿರಲಿಲ್ಲ. ಮರುವರ್ಷ ಅದೇ ಬಗೆಯ ಎರಡನೆಯ ಮಗು ಬಂದಾಗ ಅವರಿಗೆ ಮೊದಲನೆಯದರ ನೆನಪಾಯಿತು. 1967ರಲ್ಲಿ ಅಂಥ 50 ಮಕ್ಕಳ ವಿವರವನ್ನು ಜಪಾನೀ ಭಾಷೆಯ ಪತ್ರಿಕೆಯೊಂದರಲ್ಲಿ ಪ್ರಕಟಿಸಿದರು. ಇಂಗ್ಲಿಷಿನಲ್ಲಿ ಅದು ಬೆಳಕು ಕಂಡದ್ದು 1974ರಲ್ಲಿ. (ಕವಾಸಾಕಿ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವುದು ಮೋಟಾರು ಸೈಕಲ್ಲು. 2020ರಲ್ಲಿ 95ನೆಯ ವಯಸ್ಸಿನಲ್ಲಿ ತೀರಿಕೊಂಡ ಈ ವೈದ್ಯರಿಗೂ ಆ ವಾಹನಕ್ಕೂ ಸಂಬಂಧವಿಲ್ಲ.)

ಇಲ್ಲಿ ಗಮನಿಸಬೇಕಾದ ಮುಖ್ಯಾಂಶವೊಂದಿದೆ. ಮೊದಲಲ್ಲಿ ಇದು ತಾನಾಗಿಯೇ ಮಾಯುವ, ಯಾವ ಶೇಷವನ್ನೂ ಉಳಿಸದ ಜ್ವರವೆಂದೇ ಎಣಿಸಲಾಗಿತ್ತು. 1970ರಲ್ಲಿ ಜಪಾನಿನಲ್ಲಿ ರಾಷ್ಟ್ರವ್ಯಾಪಿಯಾದ ಗಣತಿಯೊಂದು ನಡೆಯಿತು. ಗಣತಿಯೆಂದ ಮೇಲೆ ಯಾರನ್ನು ಎಣಿಸಬೇಕು, ಯಾರನ್ನು ಬಿಡಬೇಕು ಎಂಬ ನಿಯಮ ಬೇಕು. ಆ ಅಗತ್ಯಕ್ಕಾಗಿ ಲಕ್ಷಣಗಳ ಪಟ್ಟಿ ಸಿದ್ಧವಾಯಿತು. ಆ ವರ್ಷದ ಕೊನೆಯ ವೇಳೆಗೆ, ಈ ಕಾಯಿಲೆಯ ಅನಂತರ ಹಠಾತ್ತನೆ ಸತ್ತ ಹತ್ತು ಮಕ್ಕಳ ಶವಪರೀಕ್ಷೆಯ ವಿವರಗಳು ಒಟ್ಟುಗೂಡಿದವು. ಅವರ ಕೊರೊನರಿ ಧಮನಿಗಳು ಉಬ್ಬಿದ್ದವು, ಒಳಗೆ ರಕ್ತ ಹೆಪ್ಪುಗಟ್ಟಿತ್ತು. ಅಂದರೆ ಪಟ್ಟಿ ಮೊದಲು ಬಂದಿತು, ಅಪಾಯದ ಪೂರ್ಣ ಅರಿವು ಅನಂತರ ಬಂದಿತು. ಎಣಿಸುವುದಕ್ಕೆಂದು ಮಾಡಿದ ಸಾಧನವನ್ನು ಉಳಿಸುವುದಕ್ಕೆಂದು ಬಳಸಬೇಕಾದ ಪ್ರಸಂಗ ಒದಗಿತು. ಗಣತಿಯಲ್ಲಿ ಸಂದೇಹದ ಮಗುವನ್ನು ಬಿಟ್ಟುಬಿಟ್ಟರೆ ಲೆಕ್ಕ ಶುದ್ಧವಾಗುತ್ತದೆ. ಆಸ್ಪತ್ರೆಯಲ್ಲಿ ಅದೇ ಮಗುವನ್ನು ಬಿಟ್ಟುಬಿಟ್ಟರೆ ಅದರ ಹೃದಯವನ್ನು ಪಣಕ್ಕಿಟ್ಟಂತಾಗುತ್ತದೆ.

ರೋಗವು 1961ರಲ್ಲಿ ಹುಟ್ಟಿತೆ, ಅಥವಾ ಅದನ್ನು ಗುರುತಿಸುವ ಕಣ್ಣು ಹುಟ್ಟಿತೆ? ಲಂಡನ್ನಿನ ಸೇಂಟ್ ಬಾರ್ಥಲೋಮ್ಯು ಆಸ್ಪತ್ರೆಯ ವೈದ್ಯ ಸ್ಯಾಮ್ಯುಯೆಲ್ ಗೀ ಎಂಬವರು 1871ರಲ್ಲಿ, ಏಳು ವರ್ಷದ ಬಾಲಕನೊಬ್ಬನ ಕೊರೊನರಿ ಧಮನಿಗಳಲ್ಲಿ ಉಬ್ಬುಗಳಿದ್ದುದನ್ನು ವರದಿಮಾಡಿದ್ದಾರೆ. ಆ ಹೃದಯವನ್ನು ಅಲ್ಲಿನ ಸಂಗ್ರಹಾಲಯದಲ್ಲಿ ಕಾಪಾಡಿದ್ದರು. ಇಂದಿನವರು ಅದನ್ನು ಕವಾಸಾಕಿ ವ್ಯಾಧಿಯ ಪೂರ್ವೋದಾಹರಣೆಯೆಂದು ಸಕಾರಣವಾಗಿ ಶಂಕಿಸಿದ್ದಾರೆ, ಏಕೆಂದರೆ ಅಲ್ಲಿ ವಸ್ತುವೇ ಉಳಿದಿದೆ. ಆದರೆ ಬರಿಯ ಮಾತಿನ ಆಧಾರದಿಂದ ಹೀಗೆ ಹೇಳಹೊರಡುವವರ ವಿಷಯದಲ್ಲಿ ಎಚ್ಚರ ಅಗತ್ಯ. ದೇವೇಂದ್ರಮುನಿಯ ಬಾಲಗ್ರಹಚಿಕಿತ್ಸೆಯಂಥ ಗ್ರಂಥ ಕನ್ನಡದಲ್ಲಿದೆಯೆಂಬುದು ಹೆಮ್ಮೆಯ ಸಂಗತಿಯೇ. ಬಾಲಗ್ರಹಗಳಲ್ಲಿ ಜ್ವರವೂ ಮೈಬಣ್ಣದ ವಿಕಾರವೂ ಹೇಳಿದೆಯೆಂದ ಮಾತ್ರಕ್ಕೆ ಅದೇ ಕವಾಸಾಕಿಯೆಂದು ಸಾಧಿಸುವುದು ಹೆಮ್ಮೆಗೆ ಒಪ್ಪುವ ಕೆಲಸವಲ್ಲ. ಇಂಥ ಸಾದೃಶ್ಯದ ಮೋಹ ನಮ್ಮ ಶಾಸ್ತ್ರಕ್ಕೂ ಹೊಸತಲ್ಲ. ಆರನೆಯ ಶತಮಾನದ ಕಾಸ್ಮಸ್ ಎಂಬ ಗ್ರೀಕ್ ಲೇಖಕನು ಪರ್ಷಿಯದಿಂದ ನೇಮಿತನಾದ ಬಿಷಪ್ಪನಿದ್ದ ‘ಕಲ್ಲಿಯಾನ’ ಎಂಬ ಊರನ್ನು ಹೆಸರಿಸಿದ್ದಾನೆ. ಅದು ಉಡುಪಿಯ ಬಳಿಯ ನಮ್ಮ ಕಲ್ಯಾಣಪುರವೇ ಎಂದು ಕೆಲವರು, ಮುಂಬಯಿಯ ಬಳಿಯ ಕಲ್ಯಾಣವೆಂದು ಹಲವರು. ನಮ್ಮ ಊರಿನವರಿಗೆ ಮೊದಲ ಪಕ್ಷ ಪ್ರಿಯವಾಗಿರುವುದು ಸಹಜ. ಸುವರ್ಣಾ ನದಿಯ ಬಂದರು, ಹಳೆಯ ಕ್ರೈಸ್ತ ನೆಲೆ, ಹೆಸರಿನ ಸಾಮ್ಯ, ಹೀಗೆ ಪಟ್ಟಿಯಲ್ಲಿ ಮೂರು ಅಂಶಗಳು ಕೂಡುತ್ತವೆ. ಆದರೆ ಇಲ್ಲಿನ ಮಿಲಾಗ್ರಿಸ್ ಇಗರ್ಜಿಯ ಚರಿತ್ರೆ 1678ಕ್ಕೆ ಹಿಂದೆ ಹೋಗುವುದಿಲ್ಲ. ಕಾಸ್ಮಸನಿಗೂ ಅದಕ್ಕೂ ನಡುವೆ ಸಾವಿರ ವರ್ಷಕ್ಕೂ ಮಿಕ್ಕಿದ ಅಂತರವಿದೆ. ಕಾಲಕ್ರಮವನ್ನು ಕೇಳದೆ ಅಂಶಗಳನ್ನು ಎಣಿಸಿದರೆ ಯಾವ ಊರನ್ನಾದರೂ ಯಾವ ಊರಾಗಿಯಾದರೂ ಮಾಡಬಹುದು.

ರೋಗದ ಪಟ್ಟಿಯ ವಿಷಯದಲ್ಲಿಯೂ ನಮ್ಮ ಮುಖ್ಯ ಆಕ್ಷೇಪ ಇದೇ. ಅಮೆರಿಕದ ಹೃದ್ರೋಗ ಸಂಘವು 2017ರಲ್ಲಿ ಪರಿಷ್ಕರಿಸಿದ ಪಟ್ಟಿಯ ಪ್ರಕಾರ ಐದು ದಿನಗಳ ಜ್ವರವಿದ್ದು, ಅದರೊಡನೆ ಐದು ಲಕ್ಷಣಗಳಲ್ಲಿ ನಾಲ್ಕಾದರೂ ಇರಬೇಕು: ಕೀವಿಲ್ಲದೆ ಎರಡೂ ಕಣ್ಣು ಕೆಂಪಾಗುವುದು, ತುಟಿ ಒಡೆದು ನಾಲಗೆ ಸ್ಟ್ರಾಬೆರಿ ಹಣ್ಣಿನಂತೆ ಕೆಂಪೇರುವುದು, ಮೈಮೇಲೆ ದದ್ದು, ಅಂಗೈ ಅಂಗಾಲುಗಳು ಬಾತು ಕೆಂಪಾಗುವುದು ಮತ್ತು ಮುಂದೆ ಬೆರಳತುದಿಯಲ್ಲಿ ಚರ್ಮ ಸುಲಿಯುವುದು, ಕೊರಳಿನ ಗ್ರಂಥಿ ಒಂದೂವರೆ ಸೆಂಟಿಮೀಟರಿನಷ್ಟು ಊದುವುದು. ಓದಲು ಇದು ಸಂತೆಯ ಸಾಮಾನಿನ ಚೀಟಿಯಂತೆ ಇದೆ. ಎಲ್ಲವೂ ಒಂದೇ ಬುಟ್ಟಿಯಲ್ಲಿ ಒಂದೇ ಸಲ ಸಿಗಬೇಕೆಂಬ ಭಾವನೆಯನ್ನು ಅದರ ರೂಪವೇ ಹುಟ್ಟಿಸುತ್ತದೆ. ವಾಸ್ತವವಾಗಿ ಈ ಲಕ್ಷಣಗಳು ಒಂದೊಂದಾಗಿ ಬಂದು ಒಂದೊಂದಾಗಿ ಹೋಗುತ್ತವೆ. ದದ್ದು ಎರಡು ದಿನವಿದ್ದು ಮರೆಯಾಗಬಹುದು. ಕಣ್ಣಿನ ಕೆಂಪು ವೈದ್ಯರ ಬಳಿಗೆ ಬರುವ ಮುನ್ನವೇ ಇಳಿದಿರಬಹುದು. ಬೆರಳತುದಿಯ ಸುಲಿತ ಎಲ್ಲಕ್ಕಿಂತ ವಿಶಿಷ್ಟವಾದ ಗುರುತು. ಅದು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ಮೂರನೆಯ ವಾರದಲ್ಲಿ. ಚಿಕಿತ್ಸೆಯಾದರೋ ಜ್ವರ ಹಿಡಿದ ಹತ್ತು ದಿನಗಳ ಒಳಗಾಗಿ ದೊರೆಯಬೇಕು. ಮಾನವರಕ್ತದಿಂದ ಸಂಗ್ರಹಿಸಿದ ಇಮ್ಯುನೊಗ್ಲಾಬ್ಯುಲಿನ್ನಿನ ಪ್ರಯೋಜನವನ್ನು 1984ರಲ್ಲಿ ಜಪಾನಿನ ಫುರುಶೊ, 1986ರಲ್ಲಿ ಅಮೆರಿಕದ ನ್ಯೂಬರ್ಗರ್ ಮತ್ತು ಅವರ ಸಂಗಡಿಗರು ತೋರಿಸಿಕೊಟ್ಟರು. ಚಿಕಿತ್ಸೆಯಿಲ್ಲದಿದ್ದರೆ ನೂರರಲ್ಲಿ ಸುಮಾರು 25 ಮಕ್ಕಳ ಕೊರೊನರಿ ಧಮನಿಗಳು ಉಬ್ಬುತ್ತವೆ; ಸಕಾಲದಲ್ಲಿ ದೊರೆತರೆ ಆ ಸಂಖ್ಯೆ ನಾಲ್ಕರ ಆಸುಪಾಸಿಗೆ ಇಳಿಯುತ್ತದೆ. ಖಚಿತವಾದ ಸಾಕ್ಷ್ಯಕ್ಕೆ ಕಾದು ಕುಳಿತವನಿಗೆ ಸಾಕ್ಷ್ಯವೇನೋ ದೊರೆಯುತ್ತದೆ, ಆದರೆ ಆ ವೇಳೆಗೆ ಅವಧಿ ಮೀರಿರುತ್ತದೆ.

ಪಟ್ಟಿಯನ್ನು ರಚಿಸಿದವರಿಗೆ ಇದು ತಿಳಿಯದೆ ಇರಲಿಲ್ಲ. ಲಕ್ಷಣಗಳು ಏಕಕಾಲದಲ್ಲಿ ಇರಬೇಕಾಗಿಲ್ಲ, ಆಗಿಹೋದವುಗಳನ್ನೂ ವಿಚಾರಿಸಿ ಲೆಕ್ಕಕ್ಕೆ ಹಿಡಿಯಬೇಕು ಎಂದು ಅವರು ಸ್ಪಷ್ಟವಾಗಿಯೇ ಹೇಳಿದ್ದಾರೆ. ಆದರೆ ಪಟ್ಟಿಗಳು ಪುಸ್ತಕದಿಂದ ಪುಸ್ತಕಕ್ಕೆ, ಅಲ್ಲಿಂದ ವಿದ್ಯಾರ್ಥಿಯ ಟಿಪ್ಪಣಿಗೆ ಇಳಿಯುವಾಗ ವಿವರಣೆಗಳು ಉದುರಿಹೋಗಿ ಅಂಕಿಗಳು ಉಳಿಯುತ್ತವೆ. ಐದರಲ್ಲಿ ನಾಲ್ಕು ಎಂಬುದು ನೆನಪಿರುತ್ತದೆ. ಯಾವಾಗಿನಿಂದ ಯಾವಾಗಿನವರೆಗೆ ಎಂಬುದು ಮರೆತುಹೋಗುತ್ತದೆ. ಶಾಸನದ ದಾನಿಯ ಹೆಸರನ್ನು ಉಳಿಸಿಕೊಂಡು ತಿಥಿವಾರಗಳ ಸಾಲನ್ನು ಬಿಟ್ಟು ಪ್ರಕಟಿಸಿದ ಪಾಠದ ಗತಿಯೇ ಇದರದೂ.

ನಮ್ಮ ಪ್ರದೇಶದ ಸ್ಥಿತಿಯನ್ನು ಈಗ ವಿಚಾರಿಸೋಣ. ಕಲ್ಯಾಣಪುರದಲ್ಲಿ ಆಷಾಢ ಶ್ರಾವಣಗಳ ಮಳೆಯ ನಡುವೆ ಮೂರು ವರ್ಷದ ಮಗುವೊಂದಕ್ಕೆ ಜ್ವರ ಬಂದಿತೆಂದು ಭಾವಿಸೋಣ. ಮಣಿಪಾಲ ಅಲ್ಲಿಂದ ಹತ್ತು ಕಿಲೋಮೀಟರಿಗಿಂತ ದೂರವಿಲ್ಲ. 1953ರಲ್ಲಿ ವೈದ್ಯಕೀಯ ಕಾಲೇಜು ಸ್ಥಾಪಿತವಾದ ಊರು ಇಷ್ಟು ಸಮೀಪದಲ್ಲಿರುವ ಭಾಗ್ಯ ಕರ್ನಾಟಕದ ಎಷ್ಟು ಗ್ರಾಮಗಳಿಗಿದೆ? ಆದುದರಿಂದ ಇಲ್ಲಿ ಅಡ್ಡಿಯಾಗುವುದು ದೂರವಲ್ಲ. ಮಳೆಗಾಲದ ಜ್ವರವೆಂದರೆ ಕರಾವಳಿಯಲ್ಲಿ ಮೊದಲು ಮನಸ್ಸಿಗೆ ಬರುವವು ಮಲೇರಿಯ, ಡೆಂಗಿ, ಇಲಿಜ್ವರ. ಇಲಿಜ್ವರದಲ್ಲಿಯೂ ಕೀವಿಲ್ಲದೆ ಕಣ್ಣು ಕೆಂಪಾಗುತ್ತದೆ. ಡೆಂಗಿಯಲ್ಲಿಯೂ ದದ್ದು ಏಳುತ್ತದೆ. ದಡಾರದಲ್ಲಿ ಎರಡೂ ಉಂಟು. ಮೊದಲ ದಿನ ಮನೆಯಲ್ಲಿದ್ದ ಪ್ಯಾರಾಸಿಟಮಾಲ್ ಸಾಕೆನಿಸುತ್ತದೆ. ಮೂರನೆಯ ದಿನ ಸಂತೆಕಟ್ಟೆಯ ಕಡೆ ಒಬ್ಬ ವೈದ್ಯರನ್ನು ಕಂಡು ಆಂಟಿಬಯಾಟಿಕ್ ಆರಂಭವಾಗುತ್ತದೆ. ನಾಲ್ಕನೆಯ ದಿನ ದದ್ದು ಎದ್ದಾಗ ಅದು ಔಷಧದ ದೋಷವೆಂದು ಬಗೆದು ಇನ್ನೊಬ್ಬರಲ್ಲಿಗೆ ಹೋಗುತ್ತಾರೆ. ಅವರು ಔಷಧವನ್ನು ಬದಲಿಸುತ್ತಾರೆ. ಆರನೆಯ ದಿನ ಉಡುಪಿಯಲ್ಲಿ ಮೂರನೆಯವರ ಮುಂದೆ ಮಗುವನ್ನು ಮಲಗಿಸಿದಾಗ ದದ್ದು ಆರಿದೆ, ಕಣ್ಣು ಬಿಳುಪಾಗುತ್ತಿದೆ. ಉಳಿದಿರುವುದು ಜ್ವರ, ತುಟಿಯ ಒಡಕು ಮತ್ತು ಸಮಾಧಾನವೇ ಇಲ್ಲದ ಅಳು. ಮೂವರಲ್ಲಿ ಯಾರೊಬ್ಬರೂ ಕರ್ತವ್ಯಭ್ರಷ್ಟರಲ್ಲ. ಪ್ರತಿಯೊಬ್ಬರೂ ಕಂಡದ್ದನ್ನು ಕಂಡಂತೆ ಚೀಟಿಯಲ್ಲಿ ಬರೆದಿದ್ದಾರೆ. ಆದರೆ ಒಬ್ಬೊಬ್ಬರೂ ಕಂಡದ್ದು ಎರಡೆರಡು ಲಕ್ಷಣಗಳನ್ನು ಮಾತ್ರ. ಪಟ್ಟಿಯು ಒಬ್ಬನೇ ನೋಟಗಾರನನ್ನು ಭಾವಿಸಿಕೊಂಡು ರಚಿತವಾದುದು; ಇಲ್ಲಿನ ವಾಸ್ತವದಲ್ಲಿ ನೋಟಗಾರರು ಮೂವರು.

ಆರು ದಿನವೂ ಕಣ್ಣೆದುರು ಇಟ್ಟುಕೊಂಡು ನೋಡಿದ ಸಾಕ್ಷಿ ಒಬ್ಬಳೇ, ಮಗುವಿನ ತಾಯಿ; ಅಥವಾ ಅಜ್ಜಿ. ಅವಳ ಹೇಳಿಕೆ ತುಳುವಿನಲ್ಲಿಯೋ ಕೊಂಕಣಿಯಲ್ಲಿಯೋ ಇರುತ್ತದೆ, ದಾಖಲೆ ಇಂಗ್ಲಿಷಿನಲ್ಲಿ ಆಗುತ್ತದೆ. ಅವಳು ತಾರೀಖನ್ನು ಹೇಳುವುದಿಲ್ಲ. ವಿಟ್ಲಪಿಂಡಿಯ ಮರುದಿನ ಸಂಜೆ ಮೈ ಬಿಸಿಯಾಯಿತು, ಅಥವಾ ಮೋಂತಿ ಹಬ್ಬದ ಹಿಂದಿನ ರಾತ್ರಿ ನಿದ್ದೆ ಮಾಡಲಿಲ್ಲ ಎನ್ನುತ್ತಾಳೆ. ಇದನ್ನು ಅಸ್ಪಷ್ಟವೆಂದು ತಳ್ಳಿಹಾಕುವವರು ಎಡವುತ್ತಾರೆಂದು ನಮ್ಮ ಅಭಿಪ್ರಾಯ. ಸಂಕ್ರಾಂತಿ, ಗ್ರಹಣ, ರಥೋತ್ಸವಗಳ ಆಧಾರದಿಂದ ಶಾಸನಗಳ ಕಾಲವನ್ನು ದಿನದ ಮಟ್ಟಿಗೆ ನಿಷ್ಕರ್ಷಿಸುವ ನಾವು, ಹಬ್ಬವನ್ನು ಹಿಡಿದು ಹೇಳಿದ ದಿನವೇ ಅಂದಾಜಿನಲ್ಲಿ ಹೇಳಿದ ದಿನಕ್ಕಿಂತ ಬಲವಾದ ಸಾಕ್ಷ್ಯವೆಂಬುದನ್ನು ಬಲ್ಲೆವು. ಮೋಂತಿ ಹಬ್ಬವೆಂದರೆ ಸೆಪ್ಟೆಂಬರ್ 8. ಅದರಲ್ಲಿ ಸಂದೇಹಕ್ಕೆ ಎಡೆಯೇ ಇಲ್ಲ. ‘ಐದಾರು ದಿನಗಳಿಂದ ಜ್ವರ’ ಎಂದು ಬರೆಯುವ ಸಾಲಿನಲ್ಲಿ ಕಳೆದುಹೋಗುವುದು ಒಂದು ದಿನ. ಹತ್ತರ ಗಡುವಿನಲ್ಲಿ ಒಂದು ದಿನವೆಂಬುದು ಅಲ್ಪವಲ್ಲ. ಜ್ವರ ಬಂದ ದಿನವನ್ನೇ ಮೊದಲನೆಯ ದಿನವೆಂದು ಎಣಿಸಬೇಕೆಂಬ ನಿಯಮವಿದೆ. ಮನೆಗಳಲ್ಲಿ ಎಣಿಕೆ ಮರುದಿನದಿಂದ ಆರಂಭವಾಗುವುದೂ ಉಂಟು. ಮಾತು ಬಾರದ ಮಗುವಿನ ನೋವನ್ನು ಅದರ ಚೇಷ್ಟೆಯಿಂದ ಊಹಿಸಬೇಕೆಂದು ಕಾಶ್ಯಪಸಂಹಿತೆಯಲ್ಲಿ ಒಂದು ಅಧ್ಯಾಯವೇ ಇದೆ: ತಲೆನೋವಿದ್ದರೆ ಮಗು ತಲೆಯನ್ನು ಹೊರಳಿಸುತ್ತದೆ, ಕಣ್ಣು ಮುಚ್ಚುತ್ತದೆ, ಇತ್ಯಾದಿ. ಆ ಗ್ರಂಥದಲ್ಲಿ ಕವಾಸಾಕಿಯನ್ನು ಹುಡುಕುವುದು ವ್ಯರ್ಥವೆಂದೆವು. ಮಗುವಿನ ಬದಿಯಲ್ಲಿದ್ದವರ ನೋಟಕ್ಕೆ ಅದು ಕೊಟ್ಟ ಬೆಲೆಯನ್ನು ಕಲಿಯುವುದು ವ್ಯರ್ಥವಲ್ಲ.

ಪಟ್ಟಿಗೆ ದೇಶವೂ ಉಂಟು. ಜಪಾನೀಯರ ಪಟ್ಟಿಯಲ್ಲಿ ಜ್ವರವು ಆರು ಲಕ್ಷಣಗಳಲ್ಲಿ ಒಂದು. ಅಮೆರಿಕದವರ ಪಟ್ಟಿಯಲ್ಲಿ ಅದು ಅನಿವಾರ್ಯವಾದ ಹೊಸ್ತಿಲು. ಕವಾಸಾಕಿ ವ್ಯಾಧಿಯಲ್ಲಿ ಕ್ಷಯನಿರೋಧಕ ಬಿ.ಸಿ.ಜಿ. ಚುಚ್ಚುಮದ್ದಿನ ಹಳೆಯ ಕಲೆ ಇದ್ದಕ್ಕಿದ್ದಂತೆ ಕೆಂಪೇರುವುದುಂಟು, ಅದರಲ್ಲಿಯೂ ಹಸುಮಕ್ಕಳಲ್ಲಿ. ಜಪಾನಿನವರು 2020ರ ಪರಿಷ್ಕರಣದಲ್ಲಿ ಇದನ್ನು ದದ್ದಿನ ಅಂಶದೊಳಗೆ ಸೇರಿಸಿದರು. ಅಮೆರಿಕದಲ್ಲಿ ಆ ಚುಚ್ಚುಮದ್ದನ್ನು ಎಲ್ಲ ಮಕ್ಕಳಿಗೂ ಹಾಕುವ ಪದ್ಧತಿಯೇ ಇಲ್ಲವಾದುದರಿಂದ ಅವರ ಐದು ಲಕ್ಷಣಗಳಲ್ಲಿ ಅದಕ್ಕೆ ಸ್ಥಾನವಿಲ್ಲ. ನಮ್ಮ ಮಕ್ಕಳಿಗೆ ಹುಟ್ಟಿದೊಡನೆ ಎಡತೋಳಿಗೆ ಅದನ್ನು ಹಾಕುತ್ತಾರೆ. ಹೀಗಿರುವಾಗ ಅಮೆರಿಕದ ಪಟ್ಟಿಯನ್ನು ಮಾತ್ರ ಬಾಯಿಪಾಠ ಮಾಡಿದ ನಮ್ಮ ವಿದ್ಯಾರ್ಥಿ, ಮಗುವಿನ ತೋಳಿನ ಮೇಲೇ ಬರೆದಿಟ್ಟ ಅಕ್ಷರವನ್ನು ಓದದೆ ಹೋಗುವ ಸಂಭವವಿದೆ. ಅದೇ ರೀತಿ, ಬಿಳಿಯ ಚರ್ಮದ ಮೇಲೆ ಎದ್ದು ಕಾಣುವ ಕೆಂಪು ನಮ್ಮ ಶ್ಯಾಮಲವರ್ಣದ ಮಕ್ಕಳಲ್ಲಿ ಅಷ್ಟು ಸ್ಫುಟವಾಗಿ ಕಾಣದು. ದೀಪದ ಬೆಳಕಿನಲ್ಲಿ ಇನ್ನೂ ಕಾಣದು.

ಭಾರತದಲ್ಲಿ ಈ ರೋಗ ಅಪರೂಪವೆಂಬ ನಂಬಿಕೆ ಬಹುಕಾಲ ಇದ್ದಿತು. ಚಂಡೀಗಢದ ಸ್ನಾತಕೋತ್ತರ ವೈದ್ಯಕೀಯ ಸಂಸ್ಥೆಯವರು 1994ರಿಂದ 2008ರವರೆಗಿನ ತಮ್ಮ ದಾಖಲೆಗಳನ್ನು ಪರಿಶೀಲಿಸಿದಾಗ, ಅಲ್ಲಿನ ಲಕ್ಷ ಮಕ್ಕಳಿಗೆ ಅರ್ಧದಷ್ಟಿದ್ದ ಪ್ರಮಾಣ ನಾಲ್ಕೂವರೆಗೆ ಏರಿದುದು ಕಂಡುಬಂದಿತು. ಜಪಾನಿನಲ್ಲಿ ಐದು ವರ್ಷದೊಳಗಿನ ಲಕ್ಷ ಮಕ್ಕಳಿಗೆ ಇದು 300ಕ್ಕೂ ಹೆಚ್ಚು. ಚಂಡೀಗಢದ ಏರಿಕೆಯಲ್ಲಿ ರೋಗದ ಪಾಲೆಷ್ಟು, ರೋಗವನ್ನು ಹುಡುಕಿದ ಕಣ್ಣಿನ ಪಾಲೆಷ್ಟು ಎಂದು ಬೇರ್ಪಡಿಸುವುದು ಸುಲಭವಲ್ಲ. ಒಂದು ಪ್ರಾಂತದಲ್ಲಿ ಶಾಸನಗಳು ಹೆಚ್ಚು ದೊರೆತರೆ ಅಲ್ಲಿ ರಾಜರು ಹೆಚ್ಚು ದಾನ ಮಾಡಿದರೆನ್ನುವುದಕ್ಕೆ ಮೊದಲು, ಅಲ್ಲಿ ಯಾರು ಹುಡುಕಿದರೆಂದು ಕೇಳಬೇಕಷ್ಟೆ.

ಪಟ್ಟಿಯ ಅತಿದೊಡ್ಡ ದೌರ್ಬಲ್ಯ ಇನ್ನೂ ಹೇಳಬೇಕಾಗಿದೆ. ಅದು ಸೋಲುವುದು ಅಪಾಯವು ಅತಿಹೆಚ್ಚಾಗಿರುವ ಕಡೆಯಲ್ಲಿಯೇ. ಒಂದು ವರ್ಷ ತುಂಬದ ಕೂಸುಗಳಲ್ಲಿ, ಅದರಲ್ಲಿಯೂ ಆರು ತಿಂಗಳೊಳಗಿನವುಗಳಲ್ಲಿ, ಲಕ್ಷಣಗಳು ಅಪೂರ್ಣವಾಗಿರುವುದೇ ಹೆಚ್ಚು. ಧಮನಿಗಳು ಉಬ್ಬುವುದೂ ಅವುಗಳಲ್ಲಿಯೇ ಹೆಚ್ಚು. ಆದುದರಿಂದಲೇ 2017ರ ನಿರೂಪಣೆಯಲ್ಲಿ, ಅಂಥ ಕೂಸಿಗೆ ಏಳು ದಿನ ಕಾರಣ ತಿಳಿಯದ ಜ್ವರವಿದ್ದರೆ ಬೇರೆ ಲಕ್ಷಣಗಳಿಲ್ಲದಿದ್ದರೂ ರಕ್ತಪರೀಕ್ಷೆಯನ್ನೂ ಹೃದಯದ ಎಕೊ ಪರೀಕ್ಷೆಯನ್ನೂ ಮಾಡಿಸಬೇಕೆಂದು ಹೇಳಿದೆ. ಪಟ್ಟಿಯು ತನ್ನ ಮಿತಿಯನ್ನು ತಾನೇ ಒಪ್ಪಿಕೊಂಡ ಈ ಭಾಗವೇ ನಮ್ಮ ದೃಷ್ಟಿಯಲ್ಲಿ ಅದರ ಉತ್ತಮಾಂಶ. ಶೋಚನೀಯವೆಂದರೆ ಟಿಪ್ಪಣಿ ಪುಸ್ತಕಗಳಲ್ಲಿ ಅತ್ಯಂತ ಕಡಮೆ ಕಾಣಸಿಗುವುದೂ ಇದೇ.

ಪ್ರತಿಪಕ್ಷವನ್ನು ಮರೆಯಲಾಗದು. ಪಟ್ಟಿಯನ್ನು ಸಡಿಲಿಸಿದರೆ ಪ್ರತಿಯೊಂದು ಜ್ವರವೂ ಕವಾಸಾಕಿಯಾಗುತ್ತದೆ ಎಂಬ ಭಯ ನಿರಾಧಾರವಲ್ಲ. ಹತ್ತು ಕಿಲೋಗ್ರಾಂ ತೂಕದ ಮಗುವಿಗೆ 20 ಗ್ರಾಂ ಇಮ್ಯುನೊಗ್ಲಾಬ್ಯುಲಿನ್ ಬೇಕು. ಅದರ ಬೆಲೆ ಹಲವು ಹತ್ತು ಸಾವಿರ ರೂಪಾಯಿಗಳು. ಅದು ಅನೇಕ ದಾನಿಗಳ ರಕ್ತದಿಂದ ತಯಾರಾದ ವಸ್ತು; ಕೊಟ್ಟ ಮೇಲೆ ದಡಾರ ಮುಂತಾದವುಗಳ ಲಸಿಕೆಯನ್ನು 11 ತಿಂಗಳು ಮುಂದೂಡಬೇಕಾಗುತ್ತದೆ. ಒಂದು ಸಾಲವನ್ನು ಮಾಡಿಸುವ ಮುನ್ನ ವೈದ್ಯರು ಹಿಂದೆಮುಂದೆ ನೋಡುವುದು ದೋಷವಲ್ಲ. ಇದಲ್ಲದೆ 2020ರ ಏಪ್ರಿಲಿನಿಂದ ಯುರೋಪಿನಲ್ಲಿಯೂ ಬಳಿಕ ನಮ್ಮಲ್ಲಿಯೂ, ಕೋವಿಡ್ ಸೋಂಕು ಕಳೆದ ಕೆಲವು ವಾರಗಳ ಅನಂತರ ಮಕ್ಕಳಲ್ಲಿ ಕವಾಸಾಕಿಯನ್ನೇ ಹೋಲುವ ಹೊಸದೊಂದು ಜ್ವರ ಕಾಣಿಸಿಕೊಂಡಿತು. ಕಣ್ಣು, ತುಟಿ, ದದ್ದು ಎಲ್ಲವೂ ಕೂಡಿಬಂದು ಎಷ್ಟೋ ಮಕ್ಕಳು ಪಟ್ಟಿಯಲ್ಲಿ ಉತ್ತೀರ್ಣರಾದರು. ಆದರೆ ವಯಸ್ಸು ಹೆಚ್ಚು, ಹೊಟ್ಟೆನೋವು ಹೆಚ್ಚು, ಹೃದಯಸ್ನಾಯುವಿನ ದೌರ್ಬಲ್ಯ ಹೆಚ್ಚು. ಎರಡನ್ನೂ ಬೇರ್ಪಡಿಸಲು ನೆರವಾದುದು ಇನ್ನೊಂದು ಲಕ್ಷಣಕ್ಕಿಂತ ಹೆಚ್ಚಾಗಿ, ಆರು ವಾರಗಳ ಹಿಂದೆ ಮನೆಯಲ್ಲಿ ಯಾರಿಗೆ ಏನಾಗಿತ್ತು ಎಂಬ ಪ್ರಶ್ನೆ.

ಇನ್ನು ವರ್ಗೀಕರಣ ಮತ್ತು ನಿರ್ಣಯಗಳ ಭೇದ. ಅಮೆರಿಕದ ಸಂಧಿವಾತತಜ್ಞರ ಕಾಲೇಜು 1990ರಲ್ಲಿ ರಕ್ತನಾಳದ ಉರಿಯೂತಗಳಿಗೆ ಮಾನದಂಡಗಳನ್ನು ಪ್ರಕಟಿಸಿತು. ಈ ಕುಲದ ಒಂದಲ್ಲ ಒಂದು ರೋಗ ಇದೆಯೆಂದು ಆಗಲೇ ಗೊತ್ತಿದ್ದ ರೋಗಿಗಳನ್ನು ಪರಸ್ಪರ ಬೇರ್ಪಡಿಸುವುದಕ್ಕೆ ಅವು ರಚಿತವಾದವು. ರೋಗವಿಲ್ಲದವನಿಂದ ರೋಗಿಯನ್ನು ಬೇರ್ಪಡಿಸುವ ಭಾರವನ್ನು ಅವು ಹೊತ್ತಿರಲಿಲ್ಲ. 1998ರಲ್ಲಿ ಕೆಲವು ಸಂಶೋಧಕರು ಸಂದೇಹದಿಂದ ಬಂದ 198 ವಯಸ್ಕ ರೋಗಿಗಳ ಮೇಲೆ ಅವನ್ನು ಪರೀಕ್ಷಿಸಿದರು. ನಿಜವಾಗಿ ರೋಗವಿದ್ದ 51 ಮಂದಿಯಲ್ಲಿ 38 ಮಂದಿ ಮಾನದಂಡಕ್ಕೆ ಒಳಪಟ್ಟರು. ರೋಗವಿಲ್ಲದ 147 ಮಂದಿಯಲ್ಲಿ 31 ಮಂದಿಯೂ ಒಳಪಟ್ಟರು! ಮಕ್ಕಳಿಗಾಗಿಯೇ ಮಾನದಂಡಗಳು ಬಂದುದು ಆಮೇಲೆ. 2008ರಲ್ಲಿ ಅಂಕಾರದಲ್ಲಿ ತಜ್ಞರು ಕೂಡಿ, 1183 ಮಕ್ಕಳ ದಾಖಲೆಗಳನ್ನು ಆಧರಿಸಿ ರೂಪಿಸಿ, 2010ರಲ್ಲಿ ಪ್ರಕಟಿಸಿದರು. ಹಿಂದಿನವುಗಳಿಗಿಂತ ಇವು ಎಷ್ಟೋ ಉತ್ತಮ. ಆದರೂ ಆ 1183ರಲ್ಲಿ ಹೋಲಿಕೆಗೆಂದು ಇಟ್ಟುಕೊಂಡ ಮಕ್ಕಳು 59 ಮಾತ್ರ. ಇವೂ ವರ್ಗೀಕರಣಕ್ಕೆಂದೇ ಹೇಳಿಕೊಂಡು ಬಂದವು, ಮತ್ತು ಇವೂ ಕ್ರಮೇಣ ನಿರ್ಣಯಕ್ಕೆ ಬಳಕೆಯಾದವು.

ಹೆನೊಕ್–ಷೋನ್‌ಲೈನ್ ವ್ಯಾಧಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಕಾಲುಗಳ ಮೇಲೆ ಕೈಗೆ ಹತ್ತುವಂತೆ ಎದ್ದ ಕೆನ್ನೀಲಿ ಕಲೆಗಳು ಕಂಡರೆ, ರಕ್ತದ ಪ್ಲೇಟ್ಲೆಟ್ಟುಗಳು ಕಡಮೆಯಾಗಿಲ್ಲವೆಂದು ತಿಳಿದರೆ, ಉಳಿದುದು ಸುಲಭ. ಆದರೆ ಕೆಲವು ಮಕ್ಕಳಲ್ಲಿ ಕಲೆಗಳಿಗಿಂತ ಒಂದೆರಡು ವಾರ ಮೊದಲೇ ತೀವ್ರವಾದ ಹೊಟ್ಟೆನೋವು ಬರುತ್ತದೆ. ಕಲೆಯನ್ನು ಅನಿವಾರ್ಯವೆನ್ನುವ ಮಾನದಂಡಕ್ಕೆ ಅಲ್ಲಿಯವರೆಗೆ ಹೇಳುವುದೇನೂ ಇಲ್ಲ. ಕರುಳುಬಾಲದ ಊತವೆಂದು ಬಗೆದು ಹೊಟ್ಟೆಯನ್ನು ಕೊಯ್ದ ಉದಾಹರಣೆಗಳು ವೈದ್ಯಸಾಹಿತ್ಯದಲ್ಲಿ ಉಂಟು.

ತಕಯಾಸು ವ್ಯಾಧಿಯದು ಬೇರೊಂದು ಬಗೆ. ಕನಜಾವದ ನೇತ್ರವೈದ್ಯ ಮಿಕಿತೊ ತಕಯಾಸು ಅವರು 1905ರಲ್ಲಿ ಯುವತಿಯೊಬ್ಬಳ ಕಣ್ಣಿನ ರಕ್ತನಾಳಗಳ ವಿಕಾರವನ್ನು ವರ್ಣಿಸಿದರು. ಇಂಥ ರೋಗಿಗಳ ಮಣಿಕಟ್ಟಿನಲ್ಲಿ ನಾಡಿಯೇ ಸಿಗುವುದಿಲ್ಲವೆಂದು ಹೇಳಿದವರು ಓನಿಶಿ, ಕಾಗೋಶಿಮಾ ಎಂಬ ಬೇರೆ ಇಬ್ಬರು. ಹೆಸರು ಕಣ್ಣನ್ನು ನೋಡಿದವರಿಗೆ ಹೋಯಿತು, ನಾಡಿ ಹಿಡಿದವರಿಗೆ ಹೋಗಲಿಲ್ಲ. ನಾಡಿಪರೀಕ್ಷೆಯ ಕುರಿತು ಇಷ್ಟೊಂದು ಅಭಿಮಾನವುಳ್ಳ ನಮ್ಮ ನಾಡಿನಲ್ಲಿ ಇದು ವಿಚಾರಾರ್ಹ. 2010ರ ಮಾನದಂಡದ ಪ್ರಕಾರ ಈ ರೋಗಕ್ಕೆ ಮಹಾಧಮನಿಯ ಅಥವಾ ಅದರ ಶಾಖೆಗಳ ವಿಕಾರವು ಆಂಜಿಯೋಗ್ರಫಿಯ ಚಿತ್ರದಲ್ಲಿ ಕಾಣಲೇಬೇಕು. ಅದರೊಡನೆ ನಾಡಿಯ ಕೊರತೆ, ಅವಯವಗಳ ರಕ್ತದೊತ್ತಡದಲ್ಲಿ 10 ಮಿಲಿಮೀಟರಿಗೂ ಮಿಕ್ಕ ವ್ಯತ್ಯಾಸ, ಧಮನಿಯ ಮೇಲೆ ಕೇಳಿಸುವ ಮರ್ಮರ, ಅಧಿಕ ರಕ್ತದೊತ್ತಡ, ರಕ್ತದಲ್ಲಿ ಉರಿಯೂತದ ಗುರುತು, ಇವುಗಳಲ್ಲಿ ಒಂದು ಸಾಕು. ಆಂಜಿಯೋಗ್ರಫಿಯನ್ನು ಮಾಡಿಸುವವರು ಯಾರು? ಆಗಲೇ ಸಂದೇಹ ಹುಟ್ಟಿದವರು. ಸಂದೇಹ ಹುಟ್ಟುವುದಾದರೋ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೆ ದೂಡಲ್ಪಟ್ಟ ಆ ಸರಳ ಕುರುಹುಗಳಿಂದ. ಹೀಗೆ ಮಾನದಂಡದ ಕ್ರಮ ಮತ್ತು ನಿರ್ಣಯದ ಕ್ರಮ ಇಲ್ಲಿ ತಲೆಕೆಳಗಾಗಿವೆ. ತಿಂಗಳುಗಟ್ಟಲೆ ಮೈಬಿಸಿ, ತೂಕದ ಇಳಿತ, ಓಡುವಾಗ ಕಾಲುನೋವು, ಆಗಾಗ ತಲೆನೋವು ಎಂದು ಹೇಳುವ ಹತ್ತು ಹನ್ನೆರಡು ವಯಸ್ಸಿನ ಹುಡುಗಿಯ ರಕ್ತದೊತ್ತಡವನ್ನು ಅಳೆಯುವುದೇ ಅಪರೂಪ; ಅಳೆದರೂ ಒಂದೇ ತೋಳಿನಲ್ಲಿ. ಆ ತೋಳಿನ ಧಮನಿಯೇ ಕಿರಿದಾಗಿದ್ದರೆ ಅಂಕಿ ತಗ್ಗಿಯೇ ಬರುತ್ತದೆ, ಎಲ್ಲವೂ ಸರಿಯಾಗಿದೆಯೆಂದು ಚೀಟಿ ಬರೆದುಕೊಡುತ್ತಾರೆ. ಮಗುವಿನ ತೋಳಿನ ಸುತ್ತಳತೆಗೆ ಹೊಂದುವ ಪಟ್ಟಿಯನ್ನು ಸುತ್ತಿ ಎರಡು ಕೈ ಎರಡು ಕಾಲುಗಳಲ್ಲಿ ಒತ್ತಡವನ್ನು ಅಳೆದು, ನಾಲ್ಕು ಅಂಕಿಗಳನ್ನೂ ಆ ದಿನದ ತಾರೀಖಿನೊಡನೆ ಬರೆದಿಡುವುದಕ್ಕೆ ಹಿಡಿಯುವ ಸಮಯ ಹತ್ತು ನಿಮಿಷ.